ಮಧ್ಯಾಹ್ನಕ್ಕೆ ತಾನೇ ಸರಿಯಾಗುತ್ತಿದ್ದ ಬೈಕು

ಗ್ಯಾರೇಜಿನವನಿಗೆ ನಿವೃತ್ತಿ ಎಂಬುದು ಇಲ್ಲ. ಹಾರ ಹಾಕುವವರಿಲ್ಲ, ಎರಡು ಮಾತು ಆಡುವವರಿಲ್ಲ. ನನಗಂತೂ ಒಂದು ದಿನ ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕೂತವನಿಗೆ ಮತ್ತೆ ಏಳಲು ಆಗಲಿಲ್ಲ. ನಾನು ಏನೋ ಆಳವಾದ ದೋಷ ಹುಡುಕುತ್ತಿದ್ದೇನೆಂದು ತಿಳಿದ ಬೈಕಿನ ಮಾಲೀಕ ಗೌರವದಿಂದ ಸುಮ್ಮನೆ ನಿಂತಿದ್ದ. ಕೊನೆಗೆ ನಾನೇ, "ಮಾರಾಯ, ಒಂಚೂರು ಕೈ ಕೊಡು" ಎನ್ನಬೇಕಾಯಿತು. ಡಾಕ್ಟರು ಬೆನ್ನಿನ ಫೋಟೊ ಬೆಳಕಿಗೆ ಹಿಡಿದು ನೋಡಿ, ಕೂತು ಬಗ್ಗಿ ಮಾಡುವ ಕೆಲಸ ಇನ್ನು ಬೇಡ, ಹೆಚ್ಚು ಹೊತ್ತು ನಿಂತು ಮಾಡುವ ಕೆಲಸವೂ ಬೇಡ ಎಂದರು. ಮಲಗಿ ಮಾಡುವ ಕೆಲಸ ಯಾವುದಾದರೂ ಇದ್ದರೆ ಹೇಳಿ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಹೀಗೆ ಐವತ್ತು ದಾಟಿ ಹೆಚ್ಚು ದಿನವಾಗುವ ಮೊದಲೇ ಕುಮಟೆಯ ಗ್ಯಾರೇಜಿನ ಶಟರ್ ಕೊನೆಯ ಸಲ ಎಳೆದು ಮನೆಗೆ ಬಂದೆ. ಬಂದವನು ಕಂಪ್ರೆಸರ್ ಬಂದ್ ಮಾಡಿದೆನೋ ಇಲ್ಲವೋ ಎಂದು ಮತ್ತೆ ಹೋಗಿ ನೋಡಿದೆ. ಕಂಪ್ರೆಸರನ್ನು ಮಾರಿ ಆಗಲೇ ವಾರವಾಗಿತ್ತು.

ನನ್ನ ಸ್ವಭಾವ ಗೊತ್ತಾಗಲಿ ಎಂದು ಇದನ್ನು ಮೊದಲೇ ಹೇಳಿದೆ. ಹೆದರಿಕೆಯವನು ಒಳ್ಳೆಯ ಮೆಕ್ಯಾನಿಕ್ ಆಗುತ್ತಾನೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬಿಗಿ ಮಾಡಿದ ನಟ್ಟನ್ನೇ ಮತ್ತೊಮ್ಮೆ ಬಿಗಿ ಮಾಡಿ ಮುರಿದು ಹಾಕುವವನು ಅವನು. ಆದರೂ ಈಗ ಈ ಕಸುಬಿಗೆ ಬರುತ್ತಿರುವವರಿಗೆ ಒಂದೆರಡು ಮಾತು ಹೇಳಬೇಕೆನಿಸಿದೆ. ನೀವು ಬೈಕಿಗೆ ಸ್ಕ್ಯಾನರ್ ಸಿಕ್ಕಿಸುತ್ತೀರಿ, ಯಾವ ಸೆನ್ಸರ್ ಕೈಕೊಟ್ಟಿದೆಯೆಂದು ಅದೇ ಹೇಳುತ್ತದೆ. ನೋಡಿದರೆ ನನಗೆ ಸ್ವಲ್ಪ ಹೊಟ್ಟೆಕಿಚ್ಚು. ನಮ್ಮ ಕಾಲದಲ್ಲಿ ಹೇಳುತ್ತಿದ್ದದ್ದು ಬೈಕಲ್ಲ, ಬೈಕಿನ ಮಾಲೀಕ. ಅವನು ಹೇಳಿದ್ದರಲ್ಲಿ ಅರ್ಧ ಸುಳ್ಳಿರುತ್ತಿತ್ತು. ಉಳಿದರ್ಧ ನಿಜವಾದರೂ ಬೈಕಿಗೆ ಸಂಬಂಧಪಟ್ಟದ್ದಲ್ಲ.

ನಾನು ಕೆಲಸ ಕಲಿತದ್ದು ಭಟ್ಕಳದಲ್ಲಿ, ಒಬ್ಬ ನವಾಯತ ಉಸ್ತಾದರ ಕೈಕೆಳಗೆ. ಮನೆಯವರೊಡನೆ ನವಾಯತಿ, ಗಿರಾಕಿಗಳೊಡನೆ ಉರ್ದು, ನನ್ನೊಡನೆ ಕನ್ನಡ, ಬಗ್ಗದ ಬೋಲ್ಟಿನೊಡನೆ ಮೂರೂ ಆಡುತ್ತಿದ್ದರು. ಬಿಳಿ ಅಂಗಿಯಲ್ಲಿ ಕೆಲಸಕ್ಕೆ ಬಂದು, ಇಂಜಿನ್ ಇಳಿಸಿ, ಅದೇ ಬಿಳಿ ಅಂಗಿಯಲ್ಲಿ ನಮಾಜಿಗೆ ಹೋಗುತ್ತಿದ್ದರು. ಒಂದು ಕಲೆ ಇರುತ್ತಿರಲಿಲ್ಲ. ನಾನು ಪಾನಾ ಪೆಟ್ಟಿಗೆಯ ಮುಚ್ಚಳ ತೆಗೆಯುವಷ್ಟರಲ್ಲಿ ಮೊಣಕೈವರೆಗೆ ಕಪ್ಪಾಗಿರುತ್ತಿದ್ದೆ.

ಅವರು ನನಗೆ ಕಲಿಸಿದ ಮೊದಲ ಪಾಠ ಪಾನಾ ಹಿಡಿಯುವುದಲ್ಲ. "ಎಂತ ಆಗಿದೆ ಅಂತ ಕೇಳ್ಬೇಡ ಗಜಾ. ಯಾರು ಬಿಚ್ಚಿದ್ರು ಅಂತ ಕೇಳು."

ನಾನು ಕೇಳುತ್ತಿದ್ದೆ. ಗಿರಾಕಿ ಯಾವಾಗಲೂ, "ಯಾರೂ ಬಿಚ್ಚಲಿಲ್ಲ" ಎನ್ನುತ್ತಿದ್ದ. ಉಸ್ತಾದರು ಬಂದು, ಕಾರ್ಬುರೇಟರಿನ ಸ್ಕ್ರೂ ತಲೆಯ ಮೇಲೆ ಬೆರಳಾಡಿಸಿ ನೋಡುತ್ತಿದ್ದರು. ನಾಲ್ಕು ಮೂಲೆ ಇರಬೇಕಾದ ಗುಳಿ ಮಗುವಿನ ಹೊಕ್ಕುಳಿನ ಹಾಗೆ ದುಂಡಗಾಗಿರುತ್ತಿತ್ತು. "ಹಾಗಾದ್ರೆ ಇದು ಇಲಿ ತಿಂದದ್ದಾ ಸಾಹೇಬ್ರೆ?" ಎಂದು ಬಹಳ ಮರ್ಯಾದೆಯಿಂದ ಕೇಳುತ್ತಿದ್ದರು.

ಶಿರಾಲಿಯ ಮಾಸ್ತರರೊಬ್ಬರು ಭಾನುವಾರ ಮನೆಯಲ್ಲೇ ಬೈಕು ಸರ್ವಿಸ್ ಮಾಡಿಕೊಂಡಿದ್ದರು. ಸೋಮವಾರದಿಂದ ಅದು ಎತ್ತಿನಗಾಡಿಗಿಂತ ಮುಂದೆ ಹೋಗಲೊಲ್ಲದು. ಆಕ್ಸಿಲರೇಟರ್ ತಿರುವಿದಷ್ಟೂ ಉಬ್ಬಸ. ಉಸ್ತಾದರು ಏರ್ ಫಿಲ್ಟರಿನ ಗೂಡಿಗೆ ಕೈ ಹಾಕಿ, ಕರುವಿನ ಗಂಟಲಿನಿಂದ ಪ್ಲಾಸ್ಟಿಕ್ ಚೀಲ ತೆಗೆಯುವ ಹಾಗೆ ಅರ್ಧ ಬನಿಯನ್ ಎಳೆದು ತೆಗೆದರು. ಒರೆಸಲು ತಂದದ್ದು ಒಳಗೇ ಉಳಿದಿತ್ತು. ಮಾಸ್ತರರು ಅದನ್ನು ನೋಡಿ, "ಓ, ಇದು ಇಲ್ಲಿತ್ತಾ? ಕಳೆದುಹೋಯ್ತು ಅಂತ ಮನೆಯವಳಿಗೆ ಬೈದೆನಲ್ಲ" ಎಂದರು. ಇಂಜಿನ್ನಿಗೆ ಪೆಟ್ರೋಲಿನಷ್ಟೇ ಗಾಳಿಯೂ ಬೇಕು ಎಂಬುದನ್ನು ನಾನು ಕಲಿತದ್ದು ಹಾಗೆ, ಬನಿಯನ್ನಿನಿಂದ.

ಅಲ್ಲಿಂದ ಹೊನ್ನಾವರದ ಒಂದು ಶೋರೂಮಿನ ವರ್ಕ್‌ಶಾಪಿಗೆ ಹೋದೆ. ಅಲ್ಲಿ ಸೂಪರ್‌ವೈಸರ್ ಇದ್ದರು, ಟೈ ಇತ್ತು, ಗಿರಾಕಿಗೆ ಎಸಿ ಕೋಣೆ ಇತ್ತು. ಗಿರಾಕಿಯೇ ದೇವರು ಎಂದು ಗೋಡೆಯ ಮೇಲೆ ಬರೆದಿತ್ತು. ದೇವರು ಗಾಜಿನ ಆಚೆ ಕೂತು ಟಿವಿ ನೋಡಬೇಕು, ನಮ್ಮ ಹತ್ತಿರ ಬರುವ ಹಾಗಿಲ್ಲ. ಅವನು ಸೂಪರ್‌ವೈಸರರಿಗೆ ಹೇಳಿದ ಹತ್ತು ಮಾತು ಚೀಟಿಯ ಮೇಲೆ 'ಮಿಸ್ಸಿಂಗ್' ಎಂಬ ಒಂದೇ ಪದವಾಗಿ ನನ್ನ ಕೈಗೆ ಬರುತ್ತಿತ್ತು. ಎಂಥ ಮಿಸ್ಸಿಂಗ್, ಏರಿನಲ್ಲೋ ಇಳಿಜಾರಿನಲ್ಲೋ, ಮಳೆಯಲ್ಲೋ ಬಿಸಿಲಲ್ಲೋ, ಯಾರನ್ನು ಕೇಳುವುದು?

ಅಲ್ಲಿ ನಾನು ಮಾಡಿದ ದೊಡ್ಡ ಸಾಧನೆ ಒಂದೇ. ರಿಪೇರಿ ಮಾಡಿದ ಬೈಕನ್ನು ಪರೀಕ್ಷೆಗೆಂದು ಶರಾವತಿ ಸೇತುವೆಯ ಮೇಲೆ ಓಡಿಸುವಾಗ ನಡುವಿನಲ್ಲಿ ಅದು ನಿಂತುಬಿಟ್ಟಿತು. ನಾನು ಗಾಬರಿಯಾಗಿ ಪ್ಲಗ್ಗು ಬಿಚ್ಚಿದೆ, ಬೆವರಿದ ಕೈಯಿಂದ ಅದು ಜಾರಿ ನದಿಗೆ ಹೋಯಿತು. ವರ್ಕ್‌ಶಾಪಿನವರೆಗೆ ದೂಡಿಕೊಂಡು ಬಂದೆ. ಸೂಪರ್‌ವೈಸರ್ ಬಗ್ಗಿ ಪೆಟ್ರೋಲ್ ಕಾಕ್ ತಿರುವಿದರು. ನಾನು ಅದನ್ನು ತೆರೆದೇ ಇರಲಿಲ್ಲ. ಅವರು ಬಹಳ ಸಜ್ಜನರು. ಆಮೇಲೆ ಪ್ರತಿ ಸಲ ನಾನು ಪರೀಕ್ಷೆಗೆ ಹೊರಟಾಗ, "ಗಜಾನನ, ಪ್ಲಗ್ಗು ಒಂದು ಹೆಚ್ಚಿಗೆ ಇಟ್ಟುಕೊ, ನದಿಗೆ ಬೇಕಾಗ್ತದೆ" ಎಂದಷ್ಟೇ ಹೇಳುತ್ತಿದ್ದರು.

ಇಂಥ ಘನತೆಯೊಂದಿಗೆ ನಾನು ಕುಮಟೆಯಲ್ಲಿ ಸ್ವಂತ ಗ್ಯಾರೇಜು ಹಾಕಿದೆ. ಅಲ್ಲಿ ಕಂಡ ಕೇಸುಗಳಲ್ಲಿ ನನ್ನನ್ನು ಹೆಚ್ಚು ಸತಾಯಿಸಿದ್ದು ಮಂಜುನಾಥ ಹರಿಕಂತ್ರನ ಬೈಕು. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಮಂಜ ಮೀನು ಮಾರುವವನು. ಮೀನುಗಾರರ ಮನೆಯಲ್ಲಿ ಹುಟ್ಟಿದರೂ ದೋಣಿ ಹತ್ತಿದರೆ ಕರುಳು ಬಾಯಿಗೆ ಬರುತ್ತಿತ್ತು ಅವನಿಗೆ. ಹರೆಯದಲ್ಲಿ ಒಮ್ಮೆ ಬೋಟಿಗೆ ಹೋದಾಗ, ಅವನ ವಾಂತಿ ನೋಡಲಾರದೆ ಬೋಟಿನವರೇ ದಡಕ್ಕೆ ತಂದು ಇಳಿಸಿ ಹೋಗಿದ್ದರಂತೆ. ಹಾಗಾಗಿ ಸಮುದ್ರಕ್ಕೆ ಬೆನ್ನು ಹಾಕಿ ಹೋಗುವ ದಂಧೆ ಹಿಡಿದಿದ್ದ. ನಸುಕಿನಲ್ಲಿ ಬಂದರಿಗೆ ಹೋಗಿ, ಲಿಲಾವಿನಲ್ಲಿ ಹರಾಜು ಕೂಗಿ ಮೀನು ಕೊಂಡು, ಪೆಟ್ಟಿಗೆಯನ್ನು ಬೈಕಿನ ಹಿಂದೆ ಕಟ್ಟಿಕೊಂಡು ಕತಗಾಲದ ಕಡೆ ಮನೆಮನೆಗೆ ಹೋಗುವುದು. ಅದು ಅವನ 'ಲೈನು'. ಆ ಲೈನಿನ ಪ್ರತಿ ಮನೆಯಲ್ಲಿ ಯಾರಿಗೆ ಬಂಗಡೆ, ಯಾರಿಗೆ ತಾರ್ಲೆ, ಯಾರ ಮನೆಯ ಅಜ್ಜನಿಗೆ ಮುಳ್ಳಿಲ್ಲದ್ದು, ಎಲ್ಲ ಅವನಿಗೆ ಬಾಯಿಪಾಠ.

ಆ ವರ್ಷ ಅದೇ ರಸ್ತೆಗೆ ಮೈಕು ಕಟ್ಟಿಕೊಂಡ ಮೀನಿನ ಗೂಡ್ಸ್ ರಿಕ್ಷಾ ಒಂದು ಬರತೊಡಗಿತ್ತು. ಮೀನಿನ ವಿಷಯದಲ್ಲಿ ಮೊದಲು ಬಂದವನದೇ ವ್ಯಾಪಾರ. ಮಧ್ಯಾಹ್ನದ ಸಾರಿಗೆ ಮಸಾಲೆ ಅರೆಯಲು ಕೂತವಳು ಇನ್ನೊಬ್ಬನಿಗಾಗಿ ಕಾಯುವುದಿಲ್ಲ. ಲೈನು ಕೈತಪ್ಪಿದರೆ ಮಂಜನಿಗೆ ಇರುವುದು ಒಂದೇ ದಾರಿ. ಅವನ ಹೆಂಡತಿಯ ಅಣ್ಣ ದಯಾನಂದ ಮಲ್ಪೆ ಕಡೆಯ ಬೋಟೊಂದರಲ್ಲಿ ಇಂಜಿನ್ ನೋಡಿಕೊಳ್ಳುವವನು. ಬೋಟಿನಲ್ಲಿ ಅಡುಗೆಯವನ ಜಾಗ ಖಾಲಿ ಇದೆ, ಬಂದುಬಿಡು ಎಂದು ಅವನು ಹೇಳುತ್ತಲೇ ಇದ್ದ. ನೆಲದ ಮೇಲೆ ಕೂತು ಸಮುದ್ರದ ಮಾತು ಕೇಳಿದರೇ ಮುಖ ಬಿಳಿಚಿಕೊಳ್ಳುವ ಮಂಜ, ಅಲ್ಲಿ ಬೇರೆಯವರ ಅನ್ನ ಬೇಯಿಸಬೇಕಿತ್ತು.

ಬೋಟು ರಿಪೇರಿಗೆ ದಡ ಹತ್ತಿದ್ದರಿಂದ ದಯಾನಂದ ತಂಗಿಯ ಮನೆಯಲ್ಲಿ ಬಂದು ಉಳಿದಿದ್ದ. ಕೈಗೆ ಕೆಲಸವಿಲ್ಲದ ಇಂಜಿನ್ನಿನವನು ಮನೆಯಲ್ಲಿದ್ದರೆ ಮನೆಯ ಯಾವ ಯಂತ್ರಕ್ಕೂ ನೆಮ್ಮದಿ ಇಲ್ಲ. ಮಿಕ್ಸರ್ ಬಿಚ್ಚಿ ಜೋಡಿಸಿದ, ಫ್ಯಾನು ಬಿಚ್ಚಿ ಜೋಡಿಸಿದ. ಒಂದು ಸುಡುಬಿಸಿಲಿನ ಮಧ್ಯಾಹ್ನ, ಯಾರೂ ಹೇಳದಿದ್ದರೂ, ಮಂಜನ ಬೈಕನ್ನು ಅಂಗಳದಲ್ಲಿ ಬಿಚ್ಚಿ, ಕಾರ್ಬುರೇಟರ್, ಪ್ಲಗ್ಗು, ಏರ್ ಫಿಲ್ಟರ್ ಎಲ್ಲ ತೊಳೆದು ಕೂಡಿಸಿದ. "ಬೋಟಿನ ಇಂಜಿನ್ ಇಳಿಸಿದವಂಗೆ ಇದು ಎಂತ, ಮಕ್ಕಳ ಆಟಿಕೆ" ಎಂದನಂತೆ. ನಿಜ ಹೇಳಬೇಕೆಂದರೆ ಬೈಕು ಮೊದಲಿಗಿಂತ ಚಲೋ ಓಡಿತು. ಕೆಲವು ವಾರ ಯಾವ ತಕರಾರೂ ಇರಲಿಲ್ಲ.

ಆಮೇಲೆ ಒಂದು ಮಧ್ಯಾಹ್ನ ಮಂಜ ಲೈನು ಮುಗಿಸಿ ನನ್ನ ಗ್ಯಾರೇಜಿಗೆ ಬಂದ.

"ಬೆಳಿಗ್ಗೆ ಗಾಡಿ ಎಳೆಯೂದಿಲ್ಲ ಗಜಣ್ಣ. ಚಾಲು ಆಗೂದೇ ಕಷ್ಟ. ಆಕ್ಸಿಲೇಟರ್ ಕೊಟ್ರೆ ಉಸಿರು ಕಟ್ಟಿದವರ ಹಂಗೆ ಕೆಮ್ತದೆ. ಹಿಂದೆ ಕಪ್ಪು ಹೊಗೆ. ಕತಗಾಲ ಮುಟ್ಟೂವರೆಗೂ ಹಂಗೇ."

"ಆಮೇಲೆ?"

"ಬಿಸಿಲೇರಿದ ಮೇಲೆ ಚಲೋ."

ನಾನು ಓಡಿಸಿ ನೋಡಿದೆ. ಬೆಣ್ಣೆಯ ಮೇಲೆ ಹೋದ ಹಾಗೆ ಹೋಯಿತು. ಯಾರು ಬಿಚ್ಚಿದ್ದು ಎಂದು ಕೇಳಿದೆ. "ಭಾವ," ಎಂದ. ಮೊದಲು ನೆನಪಾದದ್ದೇ ಬನಿಯನ್. ಏರ್ ಫಿಲ್ಟರಿನ ಗೂಡು ತೆರೆದೆ. ಬನಿಯನ್ ಇರಲಿಲ್ಲ. ಅದು ಸ್ಪಂಜಿನ ಫಿಲ್ಟರ್ ಇದ್ದ ಹಳೆ ಬೈಕು. ಧೂಳು ಹಿಡಿಯಲೆಂದು ಆ ಸ್ಪಂಜಿಗೆ ಸ್ವಲ್ಪ ಎಣ್ಣೆ ಸವರಿ ಹಿಂಡಿ ಕೂಡಿಸಬೇಕು. ಊರಿನ ಮುಕ್ಕಾಲು ಜನ ಅದನ್ನು ಮಾಡುವುದೇ ಇಲ್ಲ. ಇಲ್ಲಿ ನೋಡಿದರೆ ಸ್ಪಂಜು ಹೊಸದರ ಹಾಗೆ ಸ್ವಚ್ಛ, ಎಣ್ಣೆ ಒಂದೇ ಸಮ ಹರಡಿದೆ.

"ನಿನ್ನ ಭಾವಂಗೆ ಕೆಲಸ ಗೊತ್ತದೆ ಮಾರಾಯ," ಎಂದೆ. ಮೂಗು ಹತ್ತಿರ ಒಯ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ವರ್ಷಗಟ್ಟಲೆ ಮೀನಿನ ಪೆಟ್ಟಿಗೆ ಹೊತ್ತ ಬೈಕು ಅದು. ಅದರ ಹತ್ತಿರ ಬೇರೆ ಯಾವ ವಾಸನೆಗೂ ಜಾಗವಿರಲಿಲ್ಲ.

ಪ್ಲಗ್ಗು ಮಸಿಯಾಗಿತ್ತು. ಪೆಟ್ರೋಲ್ ಹೆಚ್ಚಾಗಿ ಗಾಳಿ ಕಡಿಮೆಯಾದರೆ ಹಾಗಾಗುತ್ತದೆ. ಉಜ್ಜಿ ಕೂಡಿಸಿ ಕಳುಹಿಸಿದೆ.

ಎರಡನೆಯ ಸಲ ಮಂಜನೊಡನೆ ದಯಾನಂದನೂ ಬಂದ. ಎತ್ತರದ ಆಳು, ತಲೆಗೆ ಚೆನ್ನಾಗಿ ಎಣ್ಣೆ ಹಾಕಿ ಬಾಚಿಕೊಂಡಿದ್ದ. ಬಂದವನೇ ಗ್ಯಾರೇಜಿನ ಸ್ಟೂಲಿನ ಮೇಲೆ ಕೂತು ಸಾಕ್ಷಿ ಹೇಳಿದ.

"ಗಾಡಿಗೆ ಎಂತ ಆಗ್ಲಿಲ್ಲ. ನಾ ದಿನಾ ಚಾ ಕುಡಿಯೂಕೆ ತಕಂಡು ಹೋಗ್ತೆ. ವಿಮಾನದ ಹಂಗೆ ಹೋಗ್ತದೆ."

"ಎಷ್ಟೊತ್ತಿಗೆ ಹೋಗ್ತೀರಿ ಭಾವ?" ಎಂದ ಮಂಜ, ಸ್ವರ ಏರಿಸದೆ.

"ಎದ್ದ ಮೇಲೆ."

"ನೀವು ಏಳೂವಾಗ ಊರಿನಲ್ಲಿ ಊಟಕ್ಕೆ ಎಲೆ ಹಾಕ್ತಾರೆ."

"ಕೇಳಿದ್ರಾ?" ದಯಾನಂದ ನನ್ನ ಕಡೆ ತಿರುಗಿದ. "ಕೆಟ್ಟದ್ದು ಗಾಡಿ ಅಲ್ಲ ಗಜಣ್ಣ. ಚಳಿ ಬಿದ್ದದೆ, ಇವಂಗೆ ಹಾಸಿಗೆ ಬಿಡೂಕೆ ಮನಸ್ಸಿಲ್ಲ. ನನ್ನ ತಂಗಿಯೂ ಅದೇ ಹೇಳ್ತದೆ."

ಮಂಜ ಪೆಟ್ಟಿಗೆಯ ಹಗ್ಗವನ್ನು ಬಿಚ್ಚಿ ಮತ್ತೆ ಕಟ್ಟಿದ. ಕೈಯಲ್ಲಿ ಇಷ್ಟು ಬಲವಾಗಿ ಗಂಟು ಹಾಕುವವನು ಸುಳ್ಳು ಹೇಳಲಾರ ಎಂದು ನನಗೆ ಅನಿಸಿತು. ಆದರೆ ಅನಿಸಿಕೆಯಿಂದ ಬೈಕು ರಿಪೇರಿಯಾಗುವುದಿಲ್ಲ. ಮಸಿ ಹಿಡಿಯುತ್ತದೆಯಲ್ಲ, ಪೆಟ್ರೋಲನ್ನೇ ಕಡಿಮೆ ಮಾಡೋಣ ಎಂದು ಕಾರ್ಬುರೇಟರಿನ ಸೂಜಿಯನ್ನು ಒಂದು ಮೆಟ್ಟಿಲು ಇಳಿಸಿದೆ. ಈ ಬುದ್ಧಿವಂತಿಕೆಯ ಫಲ ಮೂರನೆಯ ಸಲ ಗೊತ್ತಾಯಿತು. ಬೆಳಗಿನ ಕೆಮ್ಮು ಹಾಗೆಯೇ ಇತ್ತು. ಈಗ ಮಧ್ಯಾಹ್ನವೂ ಪೆಟ್ರೋಲ್ ಸಾಲದೆ ಪಟ್ ಪಟ್ ಎಂದು ಸಿಡಿಯತೊಡಗಿತ್ತು. ಅರ್ಧ ದಿನ ಕೆಡುತ್ತಿದ್ದ ಬೈಕನ್ನು ನಾನು ಇಡೀ ದಿನ ಕೆಡುವ ಹಾಗೆ ಮಾಡಿಕೊಟ್ಟಿದ್ದೆ.

"ನಾ ಕೊಟ್ಟಾಗ ಚಲೋ ಇತ್ತು," ಎಂದ ದಯಾನಂದ, ಬಹಳ ಸಮಾಧಾನದಿಂದ.

ಅಲ್ಲಿಂದ ನನ್ನ ನೆಮ್ಮದಿ ಹೋಯಿತು. ಚೋಕ್ ಸಿಕ್ಕಿಕೊಂಡಿದೆಯೋ, ಟ್ಯಾಂಕಿನಲ್ಲಿ ಇಬ್ಬನಿ ಇಳಿದು ನೀರಾಗಿದೆಯೋ, ಇಗ್ನಿಷನ್ ಕಾಯಿಲ್ ತಂಪು ಹಿಡಿದಿದೆಯೋ, ಒಂದೊಂದನ್ನೇ ನೋಡಿದೆ, ಒಂದೆರಡನ್ನು ಬದಲಿಸಿದೆ. ಸೂಜಿಯನ್ನು ಮತ್ತೆ ಮುಟ್ಟಲು ಧೈರ್ಯವಾಗದೆ ಹಾಗೇ ಬಿಟ್ಟಿದ್ದೆ. ಆ ಸಿಡಿತವೊಂದು ಬಿಟ್ಟರೆ ಮಧ್ಯಾಹ್ನ ಎಲ್ಲವೂ ಸರಿ, ಬೆಳಿಗ್ಗೆ ಯಾವುದೂ ಅಲ್ಲ. ಪಿಸ್ಟನ್ ರಿಂಗ್ ಹೋಗಿದ್ದರೆ, ವಾಲ್ವು ಸುಟ್ಟಿದ್ದರೆ ಎಂದು ಊಟಕ್ಕೆ ಕೂತಾಗಲೂ ಬೆರಳಲ್ಲಿ ಅನ್ನದ ಮೇಲೆ ಇಂಜಿನ್ ಬರೆಯುತ್ತಿದ್ದೆ. ನನ್ನ ಹೆಂಡತಿ ನೋಡಿ ನೋಡಿ, "ಆ ಬೈಕಿಗೂ ಒಂದು ಬಟ್ಟಲು ಇಡ್ಲಾ?" ಎಂದಳು. "ಮೀನು ಸಾರು ಅದಕ್ಕೆ ರೂಢಿ ಇರ್ತದೆ."

ಬೆಳಿಗ್ಗೆ ಮಾತ್ರ ಜ್ವರ ಬರುವವನನ್ನು ದಿನಾ ಮಧ್ಯಾಹ್ನ ಮುಟ್ಟಿ ನೋಡಿ, ಮೈ ತಣ್ಣಗಿದೆ ಹೋಗು ಎನ್ನುವ ಡಾಕ್ಟರನಾಗಿದ್ದೆ ನಾನು. ಇದು ಹೊಳೆದ ಮೇಲೆ ಮಂಜನಿಗೆ, "ಒಂದು ರಾತ್ರಿ ಗಾಡಿ ಇಲ್ಲೇ ಬಿಡು, ಬೆಳಿಗ್ಗೆ ನೀನೂ ಬಾ, ಒಟ್ಟಿಗೆ ಚಾಲು ಮಾಡ್ವ" ಎಂದೆ. ನಸುಕಿನಲ್ಲಿ ಅವನು ಯಾರದೋ ಸೈಕಲ್ ತುಳಿದುಕೊಂಡು ಬಂದ. ಶಟರ್ ಎತ್ತಿದೆ. ಒಂದೇ ಕಿಕ್ಕು. ಇಂಜಿನ್ ಹಾಡಿತು. ನನ್ನ ಸೂಜಿಯ ಪಟ್ ಪಟ್ ಬಿಟ್ಟರೆ ಕೆಮ್ಮಿಲ್ಲ, ಹೊಗೆಯಿಲ್ಲ.

ಮಂಜ ಬೈಕನ್ನು ನೋಡಿದ, ನನ್ನನ್ನು ನೋಡಿದ. "ಗಜಣ್ಣ," ಎಂದ ಮೆಲ್ಲಗೆ, "ಈಗ ನಂಗೂ ನನ್ನ ಮೇಲೆ ಸಂಶಯ."

ಮಾರನೆಯ ದಿನ ಮತ್ತೆ ಮನೆಯ ಅಂಗಳದಿಂದ ಹೊರಟಾಗ ಬೈಕು ಮೊದಲಿನ ಹಾಗೆಯೇ ಕೆಮ್ಮಿತು. ಕತಗಾಲ ಮುಟ್ಟುವಷ್ಟರಲ್ಲಿ ರಿಕ್ಷಾ ಬಂದು ಹೋಗಿತ್ತು. ಪೆಟ್ಟಿಗೆಯಲ್ಲಿ ಅರ್ಧ ಮೀನು ಹಾಗೇ ಉಳಿಸಿಕೊಂಡು ಅವನು ಗ್ಯಾರೇಜಿನ ಮುಂದೆ ನಿಂತ. ಬೈಕಿನಿಂದ ಇಳಿಯಲೂ ಇಲ್ಲ.

"ರಿಪೇರಿಗೆ ಬರ್ಲಿಲ್ಲ. ಹೇಳಿ ಹೋಗ್ವ ಅಂತ ಬಂದೆ. ಭಾವನ ಬೋಟು ಸರಿ ಆತಂತೆ, ಬರೂ ವಾರ ಹೊರಡ್ತದೆ. ನಂಗೂ ಬಾ ಅಂದಾರೆ. ಇವಳೂ ಹೋಗಿ ಅಂತಾಳೆ."

"ನಾಳೆ ಒಂದು ದಿನ ನೋಡ್ವ ಮಂಜ," ಎಂದೆ. ಯಾಕೆ ಹಾಗೆ ಹೇಳಿದೆನೋ ಗೊತ್ತಿಲ್ಲ. ನನ್ನ ಹತ್ತಿರ ಹೊಸ ಉಪಾಯ ಯಾವುದೂ ಇರಲಿಲ್ಲ. ಅವನ ಅಂಗಳದಲ್ಲಿ ಬೈಕು ಕೆಮ್ಮುವುದನ್ನು ನನ್ನ ಕಿವಿಯಿಂದ ಕೇಳದೆ ಅವನನ್ನು ಸಮುದ್ರಕ್ಕೆ ಕಳುಹಿಸಲು ಮನಸ್ಸು ಬರಲಿಲ್ಲ, ಅಷ್ಟೇ.

ಬೆಳಕು ಹರಿಯುವ ಮೊದಲು ಮಫ್ಲರ್ ಸುತ್ತಿಕೊಂಡು ಸ್ಕೂಟರಿನಲ್ಲಿ ಅವನ ಮನೆಗೆ ಹೋದೆ. ಡಿಸೆಂಬರಿನ ಚಳಿ. ಬೈಕು ಬಯಲು ಅಂಗಳದಲ್ಲಿ ನಿಂತಿತ್ತು, ಸೀಟಿನ ಮೇಲೆ ಇಬ್ಬನಿ. ಮಂಜ ಕಿಕ್ ಹೊಡೆದ, ಮತ್ತೆ ಹೊಡೆದ. ಸುಮಾರು ಹೊತ್ತಿನ ಮೇಲೆ ಇಂಜಿನ್ ಹಿಡಿಯಿತು. ಆಕ್ಸಿಲರೇಟರ್ ತಿರುವಿದೊಡನೆ ಕೆಮ್ಮಿ, ಉಗುಳಿ, ಕಪ್ಪು ಹೊಗೆ ಬಿಟ್ಟು ಸತ್ತಿತು.

"ಕೇಳ್ತಾ ಗಜಣ್ಣ? ಈಗ ಕೇಳ್ತಾ?"

"ಕೇಳ್ತು," ಎಂದೆ. ಒಂದು ಬೈಕು ಕೆಟ್ಟು ನಿಂತದ್ದಕ್ಕೆ ಇಬ್ಬರು ಗಂಡಸರು ಅಷ್ಟು ಸಂತೋಷಪಟ್ಟದ್ದನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಗಾಳಿ ಸಾಲುತ್ತಿಲ್ಲ ಎಂಬುದು ಹೊಗೆಯಲ್ಲೇ ಗೊತ್ತಾಗುತ್ತಿತ್ತು. ನಾನೇ ಹೊಗಳಿದ್ದ ಆ ಫಿಲ್ಟರಿನ ಗೂಡನ್ನು ಮತ್ತೆ ತೆರೆದೆ. ಮೊದಲು ಕೈಗೆ ಹತ್ತಿದ್ದು ಸ್ಪಂಜು ಎಂದು ಅನಿಸಲೇ ಇಲ್ಲ. ಗಟ್ಟಿ, ತಣ್ಣಗೆ. ಹೊರಗೆ ತೆಗೆದು ಮೊಬೈಲಿನ ಬೆಳಕು ಬಿಟ್ಟೆ. ಬೆಳ್ಳಗೆ, ಕಡೆದು ತೆಗೆದ ಬೆಣ್ಣೆಯ ಮುದ್ದೆಯ ಹಾಗೆ. ಸಣ್ಣ ಸಣ್ಣ ತೂತುಗಳೆಲ್ಲ ಮುಚ್ಚಿಹೋಗಿದ್ದವು. ಉಗುರಿನಿಂದ ಕೆರೆದು, ಈ ಸಲ ಮೂಗಿಗೆ ಹಿಡಿದೆ.

ಅಷ್ಟರಲ್ಲಿ ಬಚ್ಚಲು ಒಲೆಯ ಮುಂದೆ ಕೂತಿದ್ದ ಮಂಜನ ಹೆಂಡತಿ ನಾಗವೇಣಿ ಕೈಯಲ್ಲಿ ಕೊಬ್ಬರಿ ಎಣ್ಣೆಯ ಬಾಟ್ಲಿ ಹಿಡಿದುಕೊಂಡೇ ಎದ್ದು ಬಂದಳು. ಚಳಿಗೆ ಎಣ್ಣೆ ಹೆಪ್ಪುಗಟ್ಟಿದ್ದರಿಂದ ತಲೆಗೆ ಹಚ್ಚಿಕೊಳ್ಳಲು ಅದನ್ನು ಬೆಂಕಿಗೆ ಕಾಯಿಸುತ್ತಿದ್ದಳು. ಅವಳು ನನ್ನ ಕೈಯಲ್ಲಿದ್ದದ್ದನ್ನು ನೋಡಿದಳು. ನಾನು ಅವಳ ಕೈಯಲ್ಲಿದ್ದದ್ದನ್ನು ನೋಡಿದೆ.

"ಅಣ್ಣ ಆವತ್ತು ಒಂದು ಬಟ್ಟಲು ಎಣ್ಣೆ ಕೇಳಿ ತಕಂಡು ಹೋಗಿದ್ದ," ಎಂದಳು. "ನಾ ತಲೆಗೆ ಅಂತ ಮಾಡಿದ್ದೆ."

ನಮ್ಮ ಕರಾವಳಿಯಲ್ಲಿ ಅದಕ್ಕಿಂತ ಹೆಚ್ಚಿನ ವಿವರಣೆ ಬೇಡ. ಇಲ್ಲಿ ಬಾಗಿಲು ಕಿರುಗುಟ್ಟಿದರೆ ಕೊಬ್ಬರಿ ಎಣ್ಣೆ, ಕತ್ತಿಗೆ ತುಕ್ಕು ಹಿಡಿದರೆ ಕೊಬ್ಬರಿ ಎಣ್ಣೆ, ಮಗು ಬಿದ್ದು ಗಾಯವಾದರೂ ಅದೇ. ಫಿಲ್ಟರಿಗೆ ಎಣ್ಣೆ ಬೇಕು ಎಂದಾಗ ದಯಾನಂದನ ಕೈ ಅಡುಗೆಮನೆಯ ಕಡೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ಆಗ ಸೆಖೆ, ಎಣ್ಣೆ ನೀರಾಗಿತ್ತು. ಚಳಿ ಬಿದ್ದ ಮೇಲೆ ಅಂಗಳದ ಇಬ್ಬನಿಗೆ ನಸುಕಿನಲ್ಲಿ ಹೆಪ್ಪುಗಟ್ಟಿ ಇಂಜಿನ್ನಿನ ಮೂಗು ಮುಚ್ಚುತ್ತಿತ್ತು, ಬಿಸಿಲಿಗೆ ಕರಗಿ ಏನೂ ಆಗದ ಹಾಗೆ ಕೂತಿರುತ್ತಿತ್ತು. ನನ್ನ ಗ್ಯಾರೇಜಿನಲ್ಲಿ, ಹಗಲೆಲ್ಲ ಕಾದ ಸ್ಲ್ಯಾಬಿನ ಕೆಳಗೆ ಶಟರ್ ಮುಚ್ಚಿ ಇಟ್ಟಾಗ ಅದಕ್ಕೆ ಚಳಿಯೇ ತಾಗಿರಲಿಲ್ಲ. ನನ್ನ ಮನೆಯಲ್ಲೂ ದಿನಾ ಬೆಳಿಗ್ಗೆ ಎಣ್ಣೆ ಬಾಟ್ಲಿಗೆ ಕಡ್ಡಿ ಹಾಕಿ ತಿವಿಯುತ್ತಿದ್ದವನು ನಾನೇ. ತಿವಿಯುತ್ತ ಯೋಚಿಸುತ್ತಿದ್ದದ್ದು ಮಾತ್ರ ಪಿಸ್ಟನ್ ರಿಂಗಿನ ಬಗ್ಗೆ.

ಹಂಡೆಯಲ್ಲಿ ಸ್ನಾನದ ನೀರು ಕುದಿಯುತ್ತಿತ್ತು. ನಾಗವೇಣಿ ಬಕೆಟಿಗೆ ತೋಡಿ, ಬಟ್ಟೆ ಸೋಪಿನ ಪುಡಿ ಹಾಕಿದಳು. ಈ ಸದ್ದಿಗೆ ದಯಾನಂದ ಕಂಬಳಿ ಹೊದ್ದು ಜಗಲಿಗೆ ಬಂದ. ಆ ಹೊತ್ತಿನ ಬೆಳಕನ್ನು ಅವನು ದಡದ ಮೇಲೆ ನೋಡಿದ್ದು ಅದೇ ಮೊದಲಿರಬೇಕು.

"ಅಣ್ಣ, ಗಾಡಿಗೂ ತಲೆಗೆ ಹಾಕಿದ ಹಂಗೆ ಹಾಕಿದ್ಯಾ?" ಎಂದಳು ತಂಗಿ.

ಅವನು ನನ್ನ ಕೈಯಲ್ಲಿದ್ದ ಬಿಳಿ ಮುದ್ದೆಯನ್ನು ಬಗ್ಗಿ ನೋಡಿದ. "ಬೋಟಿನಲ್ಲಿ ಎಂದೂ ಹೆಪ್ಪುಗಟ್ಟಲಿಲ್ಲ," ಎಂದ.

"ಬೋಟಿನ ಇಂಜಿನ್ ಕೋಣೆಯಲ್ಲಿ ಮನುಷ್ಯನೇ ಕರಗ್ತಾನೆ," ಎಂದೆ ನಾನು.

ಅವನು ಕಂಬಳಿ ತೆಗೆದಿಟ್ಟು, ಅಂಗಳಕ್ಕೆ ಇಳಿದು, ನನ್ನ ಕೈಯಿಂದ ಸ್ಪಂಜು ತೆಗೆದುಕೊಂಡು ತಾನೇ ತೊಳೆಯಲು ಕೂತ. ಬಿಸಿ ನೀರು ಬದಲಿಸಿ ಬದಲಿಸಿ ತೊಳೆದ. ಹಿಂಡಿ, ಬಚ್ಚಲು ಒಲೆಯ ಮುಂದೆ ಹಿಡಿದು ಒಣಗಿಸಿದ. ನಾನು ಸ್ಕೂಟರಿನ ಡಿಕ್ಕಿಯಿಂದ ಇಂಜಿನ್ ಆಯಿಲ್ ಕೊಟ್ಟೆ. ಅದನ್ನು ಸವರುವಾಗ ಅವನ ಕೈ ನೋಡಿದೆ. ನಿಜಕ್ಕೂ ಕೆಲಸ ಗೊತ್ತಿದ್ದ ಕೈ. ಅವನು ಫಿಲ್ಟರ್ ಕೂಡಿಸುವಷ್ಟರಲ್ಲಿ, ನಾನು ಇಳಿಸಿದ್ದ ಸೂಜಿಯನ್ನು ಯಾರಿಗೂ ಕಾಣದ ಹಾಗೆ ಮೊದಲಿನ ಮೆಟ್ಟಿಲಿಗೆ ಏರಿಸಿಟ್ಟೆ. ದಯಾನಂದನಿಗೆ ಕಂಡಿರಬೇಕು. ನಮ್ಮಿಬ್ಬರಲ್ಲಿ ಆಗ ಯಾರೂ ಯಾರಿಗೂ ಬುದ್ಧಿ ಹೇಳುವ ಸ್ಥಿತಿಯಲ್ಲಿರಲಿಲ್ಲ.

ಇಂಜಿನ್ ಒಂದೇ ಕಿಕ್ಕಿಗೆ ಹಿಡಿಯಿತು, ಏರಿಸಿದಷ್ಟೂ ಏರಿತು. ಮಂಜನಿಗೆ ಗೆದ್ದವನ ಹಾಗೆ ನಗಲೂ ಪುರುಸೊತ್ತಿರಲಿಲ್ಲ, ಲಿಲಾವು ಶುರುವಾಗುವ ಹೊತ್ತು. ಹೆಲ್ಮೆಟ್ ಹಾಕಿ ಹೊರಟೇಬಿಟ್ಟ. ಅವನು ಬಂದರಿನಿಂದ ಪೆಟ್ಟಿಗೆ ತುಂಬಿಸಿಕೊಂಡು ಕತಗಾಲದ ರಸ್ತೆ ಹಿಡಿಯುವಾಗ ನಾನು ಸ್ಕೂಟರಿನಲ್ಲಿ ಅವನ ಹಿಂದೆ ಬಿದ್ದೆ. ಕೆಲಸ ಮುಗಿದಿತ್ತು, ಹೋಗಬೇಕಾದ್ದೇನೂ ಇರಲಿಲ್ಲ. ಇನ್ನೇನೋ ಬಾಕಿ ಇದ್ದರೆ ಎಂಬ ನನ್ನ ಎಂದಿನ ಕಾಯಿಲೆ, ಅಷ್ಟೇ.

ಬೈಕು ಕತಗಾಲದವರೆಗೆ ಒಮ್ಮೆಯೂ ಕೆಮ್ಮಲಿಲ್ಲ. ಒಳಗಿನ ಕೇರಿಯ ಮೊದಲ ಮನೆಯ ಮುಂದೆ ಮಂಜ ಹಾರ್ನ್ ಹೊಡೆದಾಗ ಯಾರೂ ಹೊರಗೆ ಬರಲಿಲ್ಲ. ಇಷ್ಟು ಬೇಗ ಅವನು ಬರುವುದನ್ನು ಜನ ಮರೆತಿದ್ದರು. ಎರಡನೆಯ ಸಲ ಹೊಡೆದ ಮೇಲೆ ತಿಮ್ಮಕ್ಕ ಎಂಬ ಮುದುಕಿ ಕೈಯಲ್ಲಿ ತಾಟು ಹಿಡಿದು ಬಂದಳು. ಹಿಂದೆ ಇನ್ನೂ ಇಬ್ಬರು ಹೆಂಗಸರು. ತಿಮ್ಮಕ್ಕ ಪೆಟ್ಟಿಗೆಯಿಂದ ಒಂದು ಬಂಗಡೆ ಎತ್ತಿ, ಕಿವಿರು ಬಿಡಿಸಿ ನೋಡಿದಳು.

"ಕಣ್ಣು ನೋಡು ಇದರದ್ದು. ನಿನ್ನ ಹಂಗೇ ಅದೆ."

"ಈಗ ಬಂದರಿನಿಂದ ತಂದದ್ದು ಅಮ್ಮ."

"ಮೈಕಿನವ ನಿನ್ನೆ ಇದಕ್ಕಿಂತ ದೊಡ್ಡದು ತಂದಿದ್ದ."

"ಹಂಗಾರೆ ಅವಂಗೇ ಕಾಯಿರಿ."

ಅವಳು ಕಾಯುವ ಲಕ್ಷಣ ಕಾಣಲಿಲ್ಲ. ಬಂಗಡೆಯನ್ನು ತಾಟಿಗೆ ಹಾಕಿಕೊಂಡು ಇನ್ನೊಂದಕ್ಕೆ ಕೈ ಚಾಚಿದಳು. "ಅಲ್ಲ ಮಂಜಾ, ಇಷ್ಟು ದಿನ ಎಲ್ಲಿ ಸತ್ತಿದ್ದೆ ನೀನು? ಮಸಾಲೆ ಅರೆದಿಟ್ಟು ದಾರಿ ನೋಡೂದು ನಾವು, ನೀನು ಬರೂದು ಊಟ ಆದ ಮೇಲೆ. ಗಾಡಿ ಗೀಡಿ ಕೆಟ್ಟಿತ್ತಾ?"

ನಾನು ಬಾಯಿ ತೆರೆದೆ. ಕೊಬ್ಬರಿ ಎಣ್ಣೆಯ ಕತೆಯನ್ನು ಇಂಥ ಸಭೆಯಲ್ಲಿ ಹೇಳುವ ಅವಕಾಶ ಒಬ್ಬ ಮೆಕ್ಯಾನಿಕ್ಕಿಗೆ ದಿನಾ ಸಿಗುವುದಿಲ್ಲ. ಮಂಜ ನನ್ನ ಕಡೆ ನೋಡಲೇ ಇಲ್ಲ.

"ಗಾಡಿಗೆ ಎಂತ ಆಗ್ಲಿಲ್ಲ ಅಮ್ಮ," ಎಂದ. "ಗಾಡಿ ಗಟ್ಟಿ. ನಂಗೇ ಚಳಿಗೆ ಏಳೂಕೆ ಆಗ್ತಿರ್ಲಿಲ್ಲ."

ತಿಂಗಳಿಡೀ ಮನೆಯಲ್ಲಿ, ಗ್ಯಾರೇಜಿನಲ್ಲಿ ಯಾವ ಮಾತನ್ನು ಒಪ್ಪಲಾರದೆ ಹಲ್ಲು ಕಚ್ಚಿ ನಿಂತಿದ್ದನೋ ಅದೇ ಮಾತು. ತಿಮ್ಮಕ್ಕ ಶುರು ಮಾಡಿದಳು. ನಾಳೆ ಹೆಂಡತಿಗೆ ಹೇಳು, ತಲೆ ಮೇಲೆ ತಣ್ಣೀರು ಹೊಯ್ಯಲಿ ಎಂದಳು. ಹಿಂದಿನ ಹೆಂಗಸು, ಅವಳು ಹೊಯ್ಯದಿದ್ದರೆ ನಾವೇ ಬಂದು ಹೊಯ್ತೆವು ಎಂದಳು. ಮಂಜ ಪೆಟ್ಟಿಗೆಯ ಮೇಲೆ ಬಗ್ಗಿ ಎಲ್ಲದಕ್ಕೂ ಹೌದು ಹೌದು ಎನ್ನುತ್ತ, ಒಬ್ಬೊಬ್ಬರ ತಾಟಿಗೂ ಮೀನು ಹಾಕುತ್ತ ಹೋದ. ಬೈಯುತ್ತಲೇ ಮೂವರ ತಾಟೂ ತುಂಬಿತು.

ಅವನು ಹಗ್ಗ ಬಿಗಿಯುವಾಗ ನಾನು ಹತ್ತಿರ ಹೋಗಿ, "ಎಂತಕ್ಕೆ ಹಂಗೆ ಹೇಳ್ದೆ ಮಾರಾಯ?" ಎಂದೆ.

"ಗಾಡಿ ಕೆಟ್ಟಿತ್ತು ಅಂದ್ರೆ, ನಾಳೆಯೂ ಕೆಡ್ತದೆ ಅಂತ ಇವ್ರಿಗೆ ಹೆದ್ರಿಕೆ ಆಗ್ತದೆ ಗಜಣ್ಣ. ರಿಕ್ಷಾಕ್ಕೆ ಹೋಗ್ತಾರೆ. ಮಂಜ ಮಲಗಿದ್ದ ಅಂದ್ರೆ ಬೈತಾರೆ. ಬೈದವ್ರು ಕಾಯ್ತಾರೆ."

ಕೆಳಗಿನ ತಿರುವಿನಲ್ಲಿ ರಿಕ್ಷಾದ ಮೈಕು ಆಗಷ್ಟೇ ಕೇಳತೊಡಗಿತ್ತು. ಮಂಜ ಆ ಕಡೆ ತಿರುಗಿಯೂ ನೋಡದೆ ಕಿಕ್ ಹೊಡೆದು, ಮುಂದಿನ ಮನೆಯಲ್ಲಿ ಬೈಸಿಕೊಳ್ಳಲು ಹೊರಟ.